ಕಿವಿ ಸೀಳಿದ ಕುರಿಗಳು

ಆಂಡಿಪಟ್ಟಿಯಲ್ಲಿ ನಮ್ಮ ಎದುರುಮನೆಯಾಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಸಂಜೆ ಕುರಿಗಳು ದೊಡ್ಡಿ ಸೇರುವಾಗ ಅವರು ಬಾಗಿಲಲ್ಲಿ ನಿಂತು ತಮ್ಮವುಗಳ ಕಿವಿ ಮುಟ್ಟಿ ನೋಡುತ್ತಿದ್ದರು. ಮದುವೆಯಲ್ಲಿ ತಾಯಿ ಕೊಟ್ಟ ಕುರಿಯ ಸಂತತಿಗೆ ಮಾತ್ರ ಎಡಗಿವಿಯಲ್ಲಿ ಸಣ್ಣ ಸೀಳು. ಅವು ಅತ್ತೆಯ ಸ್ವಂತ, ಉಳಿದವು ಅವರ ಗಂಡ, ಅಂದರೆ ಮಾವನವು. ಹೊಲ ಮಳೆಯನ್ನು ನಂಬಿಕೊಂಡಿತ್ತು. ಮಗಳ ಹಾಸ್ಟೆಲ್ ಖರ್ಚು ನಡೆಯುತ್ತಿದ್ದುದು ಅತ್ತೆಯ ಕುರಿಗಳಿಂದಲೇ. ಬೇರೆ ಲೆಕ್ಕ ಯಾಕೆಂದು ಯಾರಾದರೂ ಕೆಣಕಿದರೆ, “ನಂದು ನಂಗೆ ಸಾಕು” ಎನ್ನುತ್ತಿದ್ದರು.

ಹೋದ ವರ್ಷ ಮಾವ ಬೋರ್‌ವೆಲ್ ಹಾಕಿಸಲೆಂದು ಇಡೀ ಹಿಂಡನ್ನು ಮಾರಲು ಹೊರಟರು. ಅತ್ತೆ ನೀರು ಹಿಡಿದು ಬರುವಷ್ಟರಲ್ಲಿ ಬತ್ತಲಗುಂಡಿನ ವ್ಯಾಪಾರಿ ಎಲ್ಲವನ್ನೂ ವ್ಯಾನಿಗೆ ಹತ್ತಿಸಿದ್ದ. ಅತ್ತೆ ಕೊಡ ಇಳಿಸಿ, ವ್ಯಾನು ಹತ್ತಿ, ತಮ್ಮ ಕುರಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು.

“ಏ ಪುಳ್ಳೆ, ಎಲ್ಲಾ ಒಂದೇ ಹಿಂಡು. ಇಳ್ದು ಬಾ” ಎಂದು ಮಾವ ಹೆಂಡತಿಯನ್ನು ಕರೆದರು.

ಅತ್ತೆ ಇಳಿಸುತ್ತಲೇ ಹೋದರು. ಕೊನೆಗೆ ಇನ್ನೂ ಕಿವಿ ಸೀಳದ ಎಳೆಮರಿಯೊಂದನ್ನು ಎತ್ತಿಕೊಂಡರು.

“ಅದ್ರ ಕಿವೀಲಿ ಏನೈತೆ? ಅದೂ ನಿಮ್ಮವ್ವ ಕೊಟ್ಟಿದ್ದೇನಾ?”

“ಬಿಟ್ಟು ನೋಡಣ. ಅವ್ವ ಯಾರಂತ ಅದುಕ್ಕೇ ಗೊತ್ತು.”

ನೆಲಕ್ಕೆ ಬಿಟ್ಟ ಮರಿ ಕೆಳಗಿದ್ದ ಕುರಿಗಳನ್ನು ಮೂಸಿ, ವ್ಯಾನಿನತ್ತ ತಿರುಗಿ ಕೂಗಿತು. ಒಳಗಿಂದ ಮಾವನ ಕುರಿಯೊಂದು ಓಗೊಟ್ಟಿತು. ಅತ್ತೆ ಮರಿಯನ್ನು ತಾವೇ ಎತ್ತಿ ಆ ಕುರಿಯ ಪಕ್ಕದಲ್ಲಿ ಬಿಟ್ಟು, ವ್ಯಾನಿನ ಚಿಲಕ ಹಾಕಿದರು. ಆಮೇಲೆ ತಮ್ಮವನ್ನು ದೊಡ್ಡಿಯ ಕಡೆಗೆ ಹೊಡೆದುಕೊಂಡು ನಡೆದರು.

ಮಾವ ತಡೆಯಲಿಲ್ಲ.