ಯಲಬುರ್ಗಾದಲ್ಲಿ ಕೇಳಿದ ಸರಳರೇಖೆ

ಹುಬ್ಬಳ್ಳಿಯಿಂದ ಬೆಳಗಿನ ರೈಲು ಹತ್ತಿದೆ. ಜನವರಿಯ ಚಳಿಗೆ ಗದಗ ದಾಟುವವರೆಗೂ ಶಾಲು ತೆಗೆಯಲಿಲ್ಲ. ಬಿ.ಎಡ್. ವಿದ್ಯಾರ್ಥಿಗಳ ಅಂತಿಮ ಪಾಠ ನೋಡಿ ಅಂಕ ಕೊಡುವ ಕೆಲಸಕ್ಕೆ ನನ್ನನ್ನು ಕೊಪ್ಪಳ ಜಿಲ್ಲೆಗೆ ಹಾಕಿದ್ದರು. ನಾಳೆ ಗಣಿತದ ಮೇಷ್ಟರಾಗಬೇಕಾದವರು ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪ್ರೌಢಶಾಲೆಗಳಲ್ಲಿ ಹಂಚಿಹೋಗಿದ್ದರು. ಪಾಠದಲ್ಲಿ ತಂತ್ರಜ್ಞಾನವನ್ನು ಹೇಗೆ ಬಳಸುತ್ತಾರೆ ಎಂಬುದನ್ನೂ ನಾವು ನೋಡಬೇಕಿತ್ತು. ನನಗೆ ಅದರಲ್ಲಿ ಹೆಚ್ಚು ನಂಬಿಕೆ ಇರಲಿಲ್ಲ. ಬಣ್ಣಬಣ್ಣದ ಸ್ಲೈಡುಗಳನ್ನು ತೋರಿಸಿ, ಅದರಲ್ಲಿದ್ದುದನ್ನೇ ಗಟ್ಟಿಯಾಗಿ ಓದುವ ಪಾಠಗಳನ್ನು ಸಾಕಷ್ಟು ನೋಡಿದ್ದೆ.

ಕೊಪ್ಪಳದಲ್ಲಿ ಜೊತೆ ಪರೀಕ್ಷಕರಾದ ಮಲ್ಲನಗೌಡರು ಕಾಯುತ್ತಿದ್ದರು. ನಿವೃತ್ತಿಗೆ ಹತ್ತಿರವಾದ ಗಣಿತ ಉಪನ್ಯಾಸಕರು, ಮಾತು ಕಡಿಮೆ. ನಿಲ್ದಾಣದ ಹೊರಗಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಗಂಗಾವತಿಯ ಬಸ್ಸು ಹಿಡಿದೆವು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಆಧಾರ್ ತೋರಿಸಿದ ನನಗೆ ಕಂಡಕ್ಟರ್ ಶೂನ್ಯದ ಟಿಕೆಟ್ ಹರಿದುಕೊಟ್ಟರು. "ನಿಮ್ಮದು ಸೊನ್ನಿ, ನಂದಷ್ಟ ಧನ ಸಂಖ್ಯಾ ನೋಡ್ರಿ," ಎಂದರು ಗೌಡರು. ಆ ದಿನ ಅವರು ಆಡಿದ ತಮಾಷೆ ಅದೊಂದೇ.

ಒಂದು ಗಂಟೆಯ ದಾರಿಯಲ್ಲಿ ನೆಲದ ಬಣ್ಣವೇ ಬದಲಾಯಿತು. ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಾಗಿ ಎರಡನೇ ಬೆಳೆಯ ಭತ್ತ ನಾಟಿ ಮಾಡುತ್ತಿದ್ದರು. ಗಂಗಾವತಿಯ ಶಾಲೆಯಲ್ಲಿ ಇರ್ಫಾನ್ ಎಂಬ ಯುವಕ ವೃತ್ತದ ಪಾಠ ಮಾಡಿದ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ ಅರ್ಧವೃತ್ತದ ಅಂಚಿನಲ್ಲಿ ಒಂದು ಬಿಂದುವನ್ನು ಅವನು ಫೋನಿನ ಮೇಲೆ ಬೆರಳಿನಿಂದ ಎಳೆದಂತೆಲ್ಲ ತ್ರಿಕೋನ ಓರೆಯಾಗುತ್ತಿತ್ತು, ಚಪ್ಪಟೆಯಾಗುತ್ತಿತ್ತು. ಆ ಬಿಂದುವಿನಲ್ಲಿದ್ದ ಕೋನ ಮಾತ್ರ ತೊಂಬತ್ತು ಡಿಗ್ರಿಯಿಂದ ಅಲುಗಾಡಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಪುಸ್ತಕದಾಗಿನ ಚಿತ್ರ ಹಿಂಗ ಸರಿಯಂಗಿಲ್ಲಲ್ರಿ. ಪರೀಕ್ಷಾದಾಗ ಏನ್ ಮಾಡೂದ್ರಿ?"

ಇರ್ಫಾನ್ ಪ್ರೊಜೆಕ್ಟರ್ ಆರಿಸಿದ. "ಈಗ ಕಣ್ಣು ಮುಚ್ಚಿ ನೀನ ಸರಿಸು. ಸರೀತೈತೇನು?"

ಅವಳು ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಸರಿಸಿ, "ಹೂಂ ರೀ, ಸರೀತೈತಿ," ಎಂದಳು. ನನ್ನ ಅಪನಂಬಿಕೆ ಸಡಿಲವಾಗತೊಡಗಿದ್ದು ಅಲ್ಲಿ.

ಮರುದಿನ ಕುಷ್ಟಗಿ. ಗದ್ದೆಗಳು ಹಿಂದುಳಿದು ಎರೆಹೊಲಗಳಲ್ಲಿ ಕಡಲೆ, ಬಿಳಿಜೋಳ ಕಾಣಿಸಿದವು. ಬಿಸಿಲೂ ಜೋರಾಯಿತು. ಅಲ್ಲಿನ ಅಭ್ಯರ್ಥಿ ಸಾವಿತ್ರಿ, ಮೂರು ವರ್ಷದ ಮಗುವಿನ ತಾಯಿ, ಕಪ್ಪುಹಲಗೆ ಬಿಟ್ಟು ಬೇರೇನನ್ನೂ ಬಳಸಲಿಲ್ಲ. ಆದರೆ ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಯೋಚಿಸಲು ಅವಳು ಬಿಡುತ್ತಿದ್ದ ಸಮಯ ನನ್ನನ್ನು ಬೆರಗುಗೊಳಿಸಿತು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. "ಫೋನಿನ್ಯಾಗ್ರಿ ಮೇಡಂ. ನನ್ನ ಪಾಠ ನಾನ ರೆಕಾರ್ಡ್ ಮಾಡಿ ನೋಡ್ತಿದ್ದೆ. ನಾನ ಕೇಳಿ, ನಾನ ಉತ್ತರ ಹೇಳ್ತಿದ್ದೆ. ನೋಡಿ ಭಾಳ ನಾಚಿಕಿ ಬಂತ್ರಿ," ಎಂದಳು. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಊಟ ಮಾಡುವಾಗ ಗೌಡರು, "ನಾನೂ ಹಂಗ, ನಾನ ಕೇಳಿ ನಾನ ಉತ್ತರ ಹೇಳ್ತೀನಿ ಅನ್ನಸ್ತೈತಿ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಮೂರನೆಯ ದಿನ ಯಲಬುರ್ಗಾದ ಬಸ್ಸಿನಲ್ಲಿ ಅವರ ಮುಖ ಬಿಗಿದಿತ್ತು. "ಇವತ್ತಿನ ಹುಡುಗಿಗಿ ಕಣ್ಣು ಕಾಣಂಗಿಲ್ರಿ," ಎಂದರು. "ರೇಣುಕಾ ಅಂತ, ತಳಕಲ್‌ದಾಕಿ. ಗಣಿತ ಬಿಟ್ಟು ಸಮಾಜ ವಿಜ್ಞಾನ ತಗೋ ಅಂತ ಎಲ್ಲಾರೂ ಹೇಳಿದ್ರಂತ. ಕೇಳಿಲ್ಲ. ಬೋರ್ಡ್ ಮ್ಯಾಲ ರೇಖಾ ಹೆಂಗ ಎಳೀತಾಳ? ಕರುಣಾಕ್ಕ ಅಂಕ ಹಾಕೂದು ನನಗ ಆಗಂಗಿಲ್ಲ."

ಕರುಣೆ ಬೇಡ, ಪಾಠ ನೋಡೋಣ ಎಂದೆ. ಆದರೆ ನನಗೂ ಒಳಗೊಳಗೇ ಆತಂಕವಿತ್ತು. ಈ ಪಾಠದಲ್ಲಿ ಬಿದ್ದರೆ ಅವಳಿಗೆ ಒಂದು ವರ್ಷ ಹೋಗುತ್ತಿತ್ತು. ಮುಂದಿನ ಸಲ ಗಣಿತವನ್ನೇ ಕೊಡುತ್ತಾರೆ ಎಂಬ ಭರವಸೆಯೂ ಇರಲಿಲ್ಲ.

ರೇಣುಕಾ ಬಿಳಿ ಕೋಲನ್ನು ಮೇಜಿಗೆ ಒರಗಿಸಿ ಒಂಬತ್ತನೆಯ ತರಗತಿಯ ಎದುರು ನಿಂತಳು. ಸರಳರೇಖೆಯ ನಕ್ಷೆ ಅಂದಿನ ಪಾಠ. ಅವಳ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಸಮೀಕರಣ ಕೊಟ್ಟರೆ ಅದರ ನಕ್ಷೆಯನ್ನು ಅದು ಎಡದಿಂದ ಬಲಕ್ಕೆ ಸ್ವರವಾಗಿ ನುಡಿಸುತ್ತಿತ್ತು. ರೇಖೆ ಮೇಲೇರಿದರೆ ಸ್ವರ ಏರುತ್ತಿತ್ತು, ಕೆಳಗಿಳಿದರೆ ಇಳಿಯುತ್ತಿತ್ತು. ಅವಳು ಫೋನನ್ನು ಸಣ್ಣ ಸ್ಪೀಕರಿಗೆ ಜೋಡಿಸಿದಳು. ಮಕ್ಕಳು ಬೆಲೆಗಳನ್ನು ಲೆಕ್ಕ ಹಾಕಿ ಹೇಳಿದರು, ಸರದಿಯಂತೆ ಒಬ್ಬೊಬ್ಬರು ಬಂದು ಚೌಕಳಿಯ ಹಲಗೆಯ ಮೇಲೆ ರೇಖೆ ಎಳೆದರು. ಆಮೇಲೆ ಎಲ್ಲರೂ ಕೇಳಿಸಿಕೊಂಡರು. ತರಗತಿ ಅಷ್ಟು ಸದ್ದಿಲ್ಲದೆ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಮೂರರಿಂದ ಎಕ್ಸ್ ಕಳೆಯುವ ಸಮೀಕರಣಕ್ಕೆ ಬಂದಾಗ ಹುಲಿಗೆಮ್ಮ ಎಂಬ ಹುಡುಗಿ ರೇಖೆ ಎಳೆದಳು. ರೇಣುಕಾ ಫೋನ್ ಒತ್ತಿದಳು. ಸ್ವರ ಏರುತ್ತ ಹೋಯಿತು.

"ಟೀಚರ್, ನನ್ನ ರೇಖಾ ಇಳದೈತ್ರಿ. ಫೋನ್ ಏರಾಕತ್ತೈತಿ," ಎಂದಳು ಹುಲಿಗೆಮ್ಮ. ಮಕ್ಕಳು ನಕ್ಕರು. ಪಕ್ಕದಲ್ಲಿ ಗೌಡರ ಪೆನ್ನು ಸರಸರ ಓಡಿತು.

ರೇಣುಕಾ ಗಾಬರಿಯಾದದ್ದು ಕುತ್ತಿಗೆಯ ಮೇಲೆ ಮೂಡಿದ ಬೆವರಿನಲ್ಲಿ ಕಾಣಿಸಿತು, ದನಿಯಲ್ಲಿ ಅಲ್ಲ. "ಹಂಗಾರ ಇಬ್ಬರಾಗ ಒಬ್ಬರದು ತಪ್ಪು. ಯಾರದಂತ ಹೆಂಗ ಹುಡುಕೂದು?" ಎಂದು ಕೇಳಿ ಸುಮ್ಮನೆ ನಿಂತಳು.

"ಎಕ್ಸ್ ಒಂದು ಅಂತ ಹಾಕಿ ನೋಡೂಣ್ರಿ," ಎಂದ ಒಬ್ಬ. ಮೂರರಲ್ಲಿ ಒಂದು ಕಳೆದರೆ ಎರಡು. ಎಕ್ಸ್ ಎರಡಾದರೆ ಒಂದು. "ಬೆಲಿ ಇಳಿಯಾಕತ್ತೈತ್ರಿ. ಬೋರ್ಡ್ ಖರೆ ಐತಿ, ಫೋನ್ ತಪ್ಪೈತಿ," ಎಂದು ಮಕ್ಕಳು ತೀರ್ಪು ಕೊಟ್ಟರು.

ರೇಣುಕಾ ಫೋನಿನಿಂದ ಸಮೀಕರಣವನ್ನು ಓದಿಸಿದಳು. ಅದು "ಪ್ಲಸ್" ಎಂದಿತು. "ಫೋನಿಂದೂ ತಪ್ಪಲ್ಲ. ಮೈನಸ್ ಒತ್ತೂ ಬದಲಿ ಪ್ಲಸ್ ಒತ್ತೀನಿ ನಾನು. ಹುಲಿಗೆಮ್ಮ ಹಿಡದ್ಲು," ಎಂದು ತಿದ್ದಿದಳು. ಈ ಸಲ ಸ್ವರ ಇಳಿಯಿತು. ಹಲಗೆಯ ಮುಂದೆ ನಿಂತಿದ್ದ ಹುಲಿಗೆಮ್ಮ ಆ ಸ್ವರಕ್ಕೆ ಸರಿಯಾಗಿ ತಾನೆಳೆದ ರೇಖೆಯ ಮೇಲೆ ಬೆರಳು ಜಾರಿಸಿದಳು.

ಪಾಠ ಮುಗಿದ ಮೇಲೆ ಗೌಡರು ಅವಳನ್ನು ಕೂರಿಸಿಕೊಂಡು ಕೇಳಿದರು: "ಹುಡುಗರ ವಹಿ ಹೆಂಗ ತಿದ್ದತೀ?"

"ಅವರ ಕಡೆಯಿಂದ ಓದಸ್ತೀನ್ರಿ ಸರ್. ಒಂದೊಂದು ಹಂತ ಯಾಕ ಬರದಿ ಅಂತ ಕೇಳ್ತೀನಿ. ಓದೂವಾಗ ಅವರಿಗೇ ತಪ್ಪು ಗೊತ್ತಾಗಿ ನಿಂತುಬಿಡ್ತಾರ."

"ಎಲ್ಲಾ ತಪ್ಪು ಸಿಗ್ತಾವೇನು?"

"ಇಲ್ರಿ." ಆಮೇಲೆ ತಾನೇ ಕೇಳಿದಳು, "ನಿಮಗ ಸಿಗ್ತಾವೇನ್ರಿ ಸರ್?"

ಅದರಲ್ಲಿ ಸೊಕ್ಕಿರಲಿಲ್ಲ; ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಗೌಡರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲವ್ವಾ," ಎಂದರು.

ಅಂಕ ಹಾಕುವಾಗ ನಮ್ಮಿಬ್ಬರಿಗೂ ವಾದವಾಯಿತು. ತಪ್ಪನ್ನೇ ಪಾಠ ಮಾಡಿಕೊಂಡವಳಿಗೆ ಅಂಕ ಕಳೆಯಬಾರದು ಎಂದೆ. ಗೌಡರು ಒಪ್ಪಲಿಲ್ಲ. "ತಪ್ಪು ಒತ್ಯಾಳ, ಅದಕ್ಕ ಕಡೀತೀನಿ. ಬ್ಯಾರೆಯವರಿಗಿ ಕಡದಂಗ ಈಕಿಗೂ ಕಡೀಬೇಕು. ತಪ್ಪು ಹುಡುಕೂದು ಕಲಿಸ್ಯಾಳ, ಅದಕ್ಕ ಪೂರ್ತಿ ಕೊಡ್ತೀನಿ." ಯೋಚಿಸಿದಷ್ಟೂ ಅವರ ಮಾತೇ ಸರಿ ಎನಿಸಿತು. ನಾನೂ ಹಾಗೇ ಹಾಕಿದೆ. ರೇಣುಕಾ ಪಾಸಾದಳು, ಚೆನ್ನಾಗಿಯೇ ಪಾಸಾದಳು.

ಅಂಕಪಟ್ಟಿಯ ಲಕೋಟೆಗೆ ಅರಗು ಹಾಕಿ ಒಪ್ಪಿಸಿ ನಿಲ್ದಾಣಕ್ಕೆ ಬಂದಾಗ ಗದಗಿನ ಬಸ್ಸು ನಿಂತಿತ್ತು. ಗದಗಿನಲ್ಲಿ ಕೆಲಸವಿದ್ದುದರಿಂದ ಗೌಡರೂ ಅದೇ ಬಸ್ಸು ಹತ್ತಿದರು. ರೇಣುಕಾ ಆಗಲೇ ಮುಂದಿನ ಸೀಟಿನಲ್ಲಿದ್ದಳು. ಅಂಕದ ಬಗ್ಗೆ ಅವಳು ಕೇಳಲಿಲ್ಲ, ನಾವೂ ಹೇಳುವಂತಿರಲಿಲ್ಲ. ಕುಕನೂರು ದಾಟಿದ ಮೇಲೆ ಗೌಡರು ಮೆಲ್ಲಗೆ ಫೋನ್ ಮುಂದೆ ಚಾಚಿದರು. "ಆ ಆ್ಯಪ್ ನನ್ನ ಫೋನಿಗೂ ಹಾಕಿಕೊಡ್ತೀಯೇನವ್ವಾ?" ಅವಳು ಆ ಫೋನಿನ ಓದುವ ದನಿಯನ್ನು ಅವರಿಂದಲೇ ಆನ್ ಮಾಡಿಸಿಕೊಂಡು ಹಾಕಿಕೊಟ್ಟಳು, ಎಲ್ಲಿ ಒತ್ತಬೇಕೆಂದು ಅವರ ಬೆರಳು ಹಿಡಿದು ತೋರಿಸಿದಳು.

ತಳಕಲ್‌ನಲ್ಲಿ ಅವಳು ಇಳಿದಳು. ಗೌಡರು ಇಯರ್‌ಫೋನ್ ಹಾಕಿಕೊಂಡು ಎಕ್ಸ್ ವರ್ಗದ ವಕ್ರರೇಖೆ ಕೇಳುತ್ತಿದ್ದರು. ಕಣ್ಣು ಮುಚ್ಚಿದ್ದರು, ಬೆರಳು ಮೊಣಕಾಲಿನ ಮೇಲೆ ಕೆಳಗಿಳಿದು ಮತ್ತೆ ಮೇಲೇರುತ್ತಿತ್ತು. ನಾನು ಕಿಟಕಿಯಿಂದ ಹಿಂತಿರುಗಿ ನೋಡಿದೆ. ಇಳಿಬಿಸಿಲಿನಲ್ಲಿ ರಸ್ತೆಯ ಪಕ್ಕ ರೇಣುಕಾ ಇನ್ನೂ ನಿಂತಿದ್ದಳು, ತಲೆಯನ್ನು ತುಸು ಓರೆ ಮಾಡಿ, ನಮ್ಮ ಬಸ್ಸು ದೂರವಾಗುವುದನ್ನು ಕೇಳಿಸಿಕೊಳ್ಳುತ್ತ.