ಅಸ್ಗರನ ನಾನೂರೈವತ್ತು

ಚಿಂತಾಮಣಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಯಜಮಾನ ಶಿಡ್ಲಘಟ್ಟದ ಅಸ್ಗರನಿಗೆ ಐದು ತಿಂಗಳ ಸಂಬಳ ಕೊಡಬೇಕು. ಇವತ್ತಿನವರೆಗೂ ಕೊಟ್ಟಿಲ್ಲ. ಕೇಳಲು ಹೋದಾಗ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಾನಿಟರು, ಕೀಬೋರ್ಡು, ಖಾಲಿ ಕ್ಯಾಬಿನೆಟ್ಟು ತೋರಿಸಿ, "ಸದ್ಯಕ್ಕೆ ಇವು ಹೊತ್ಕೊಂಡ್ ಹೋಗಪ್ಪ, ಮಿಕ್ಕಿದ್ದು ಆಮೇಲೆ ನೋಡಣ" ಅಂದ. ಅಸ್ಗರ್ ಅವನ್ನೇ ಬಸ್ಸಿನ ಟಾಪಿಗೆ ಹಾಕಿಕೊಂಡು ಊರಿಗೆ ಬಂದ.

ಅವನ ಜೊತೆಯಲ್ಲೇ ಪಾಠ ಹೇಳುತ್ತಿದ್ದ ಖಲೀಮುಲ್ಲಾನಿಗೆ ಮಾತ್ರ ಸಂಬಳ ಪೂರಾ ಸಿಕ್ಕಿತು. ಯಜಮಾನನ ತಂಗಿಯ ಜೊತೆ ಅವನ ನಿಕಾಹ್ ಗೊತ್ತಾಗಿತ್ತು. ಅವನೂ ಶಿಡ್ಲಘಟ್ಟದವನೇ. ಊರಿಗೆ ಬಂದು ಅಂಗಡಿ ತೆಗೆದ, ಗಾಜಿನ ಬಾಗಿಲು ಹಾಕಿಸಿದ, ಒಳಗೆ ಪೆಂಟಿಯಮ್ ಟೂ ಕಂಪ್ಯೂಟರ್, ನಾನೂರೈವತ್ತು ಮೆಗಾಹರ್ಟ್ಸ್ ವೇಗದ್ದು, ತಂದು ಕೂರಿಸಿದ. ತೊಂಬತ್ತೊಂಬತ್ತರ ಶುರುವಿನಲ್ಲಿ ಅಂಥದ್ದು ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಮದುವೆ ಕಾರ್ಡು, ಕರಪತ್ರ, ಫೋಟೋ ಕೆಲಸ ಎಲ್ಲ ಅತ್ತ ಹೊರಳಿತು. ಅದೇ ರಸ್ತೆಯಲ್ಲಿ ಅಸ್ಗರ್ ತನ್ನ ಮನೆಯಲ್ಲೇ ಸಾಲಸೋಲ ಮಾಡಿ ಜೋಡಿಸಿಕೊಂಡ ಹಳೇ ಮಿಷಿನಿನಲ್ಲಿ ಒಂದು ಫೋಟೋ ತೆರೆಯುವಷ್ಟರಲ್ಲಿ ಗಿರಾಕಿ ಟೀ ಕುಡಿದು ಬಂದು, ಬೀಡಿ ಸೇದಿ ಮುಗಿಸಿ, ಎದ್ದು ಖಲೀಮುಲ್ಲಾನ ಹತ್ತಿರ ಹೋಗುತ್ತಿದ್ದ.

ನಾನು ಚಳವಳಿ ಅಂತ ಓಡಾಡುತ್ತಿದ್ದವನು, ನಮ್ಮ ಸಂಘದ ಕರಪತ್ರಗಳು ಅಸ್ಗರನ ಹತ್ತಿರವೇ ಆಗುತ್ತಿದ್ದವು. ಹಾಗಾಗಿ ಅವನ ಗೋಳು ನನ್ನ ಕಿವಿಗೆ ಬೀಳುತ್ತಿತ್ತು.

"ಅಣ್ಣ, ಆ ಗಾಜಿನ ಬಾಗಿಲು ಕಂಡ್ರೆ ನಂಗೆ ಎದೆ ಉರೀತದೆ" ಅನ್ನುತ್ತಿದ್ದ. "ಕೆಲಸ ನಂಗ್ ಚೆನ್ನಾಗಿ ಬರ್ತದೆ. ಹೆಸರು ಮಾತ್ರ ಅವನ್ದು. 'ಫಾಸ್ಟ್ ಬೇಕಾ, ಖಲೀಮುಲ್ಲಾನ ಹತ್ರ ಹೋಗು' ಅಂತ ನಮ್ಮಮ್ಮಾನೇ ಒಬ್ರಿಗೆ ಹೇಳಿದ್ಲು ಕಣಣ್ಣ!"

ಅಮ್ಮ ಬಿಸ್ಮಿಲ್ಲಾ ಬೀ ಒಳಗಿಂದಲೇ, "ಸುಳ್ ಹೇಳ್ಲಾ ಮತ್ತೆ?" ಅಂದಳು.

ಇದನ್ನು ಹೊಟ್ಟೆಕಿಚ್ಚು ಅನ್ನದೆ ಬೇರೇನೂ ಅನ್ನಲಾಗದು. ಚಳವಳಿಯಲ್ಲಿ ನಾವು ಇಂಥದ್ದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು ಭಾಷಣ ಮಾಡಿದವರು. ಅಸ್ಗರ್ ಹೆಸರಿಡಲಿಲ್ಲ, ರಾತ್ರಿ ಹಗಲು ಉರಿದ. ಖಲೀಮುಲ್ಲಾನ ಹತ್ತಿರ ಇರುವಷ್ಟೇ ವೇಗ ತನ್ನ ಹತ್ತಿರವೂ ಇರಬೇಕು, ಊರಿನ ಬಾಯಲ್ಲಿ ತನ್ನ ಹೆಸರು ಬರಬೇಕು. ಬೇಕಾಗಿದ್ದು ಅಷ್ಟೇ.

ಪೆಂಟಿಯಮ್ ಟೂ ತರುವ ತಾಕತ್ತು ಅವನಿಗಿರಲಿಲ್ಲ. ಹಳೇ ಕಂಪ್ಯೂಟರ್ ಪತ್ರಿಕೆಗಳನ್ನು ತಿರುವಿ ಒಂದು ದಾರಿ ಹುಡುಕಿದ. ಸೆಲೆರಾನ್ ಅಂತ ಅಗ್ಗದ ಪ್ರೊಸೆಸರ್ ಬರುತ್ತದೆ, ಅದರಲ್ಲಿ 300ಎ ಅನ್ನುವುದು ಮುನ್ನೂರು ಮೆಗಾಹರ್ಟ್ಸಿನದು. ಅದನ್ನು ಕೂರಿಸುವ ಬೋರ್ಡಿನ ವೇಗವನ್ನು ಅರವತ್ತಾರರಿಂದ ನೂರಕ್ಕೆ ಏರಿಸಿದರೆ ಅದೇ ಪ್ರೊಸೆಸರ್ ನಾನೂರೈವತ್ತಕ್ಕೆ ಓಡುತ್ತದೆ. ಎಲ್ಲವೂ ಓಡುವುದಿಲ್ಲ. ಕೆಲವು ಲಾಟಿನವು ಓಡುತ್ತವೆ, ಕೆಲವು ಕಾದು ನಿಂತುಬಿಡುತ್ತವೆ.

ಲಾಟು ಅಂದ ಕೂಡಲೇ ಅಸ್ಗರನಿಗೆ ಧೈರ್ಯ ಬಂತು. ಅವನು ಹುಟ್ಟಿದ್ದೇ ರೇಷ್ಮೆ ಬಿಚ್ಚುವ ಮನೆಯಲ್ಲಿ. ಗೂಡಿನ ಮಾರ್ಕೆಟ್ಟಿನಲ್ಲಿ ಲಾಟು ನೋಡಿ ಹರಾಜು ಕೂಗುವ ಚಿಕ್ಕಪ್ಪ ಲಾಲ್ ಬಾಷಾನನ್ನು ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟ. ಕರಪತ್ರದ ಕಾಗದ ತರಲು ನಾನೂ ಜೊತೆಯಲ್ಲಿದ್ದೆ.

ಅಲ್ಲಿಯ ಅಂಗಡಿಯವನು ಮೊದಲು ಸೆಲೆರಾನಿನಲ್ಲೇ 333 ತೆಗೆದು ಮುಂದಿಟ್ಟ. "ಇದು ತಗೊಳ್ಳಿ, ಸ್ವಲ್ಪ ಜಾಸ್ತಿ ಆಗುತ್ತೆ, ನಂಬರ್ರೂ ಜಾಸ್ತಿ."

"ಬೇಡ" ಅಂದ ಅಸ್ಗರ್. "ಅದನ್ನ ಏರಿಸಿದ್ರೆ ಐನೂರಕ್ಕೆ ಹೋಗ್ತದೆ. ಅಷ್ಟು ತಡ್ಕೊಳ್ಳಲ್ಲ, ಉಸಿರು ಬಿಡ್ತದೆ. ಮುನ್ನೂರ್ ಎ ಕೊಡಿ. ದೊಡ್ಡ ಫ್ಯಾನ್ ಇರೋ ಡಬ್ಬಿದೇ ಬೇಕು. ಇರೋದೆಲ್ಲ ತೆಗೀರಿ, ಲಾಟ್ ನಂಬರ್ ನೋಡ್ಬೇಕು."

ಅಂಗಡಿಯವನು ಮುಖ ಕಿವುಚಿಕೊಂಡು ನಾಲ್ಕು ಡಬ್ಬಿ ಇಟ್ಟ. ಅಸ್ಗರ್ ಒಂದೊಂದರ ಮೇಲಿನ ಅಕ್ಷರ ಓದುತ್ತಿದ್ದ. ಅಷ್ಟರಲ್ಲಿ ಲಾಲ್ ಬಾಷಾ ಒಂದನ್ನು ಎತ್ತಿ, ಒಳಗಿನ ಹುಳದ ಸದ್ದು ಕೇಳಲು ಗೂಡು ಅಲ್ಲಾಡಿಸುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಸದ್ದೇ ಇಲ್ಲ ಕಣೋ. ಹುಳ ಒಳಗೇ ಕರಗೋಗದೆ."

"ಏನ್ ಸಾಹೇಬ್ರೆ, ತೆಂಗಿನಕಾಯಿ ತಗೋತಿದೀರಾ?" ಅಂದ ಅಂಗಡಿಯವನು.

"ತೆಂಗಿನಕಾಯಿಗೂ ಇಷ್ಟ್ ರೇಟಿಲ್ಲಪ್ಪ" ಅಂದ ಲಾಲ್ ಬಾಷಾ.

ಪತ್ರಿಕೆಯಲ್ಲಿ ಹೊಗಳಿದ್ದ ಲಾಟು ಮೂರನೇ ಡಬ್ಬಿಯಲ್ಲಿತ್ತು. ಅದನ್ನೂ ನೂರಕ್ಕೆ ಏರಿಸಬಹುದಾದ ಬೋರ್ಡನ್ನೂ ತಂದ. ಎಲ್ಲ ಸೇರಿದರೂ ಖಲೀಮುಲ್ಲಾನ ಪ್ರೊಸೆಸರ್ ಒಂದರ ಬೆಲೆ ಮುಟ್ಟಲಿಲ್ಲ. ಮನೆಯಲ್ಲಿ ಜೋಡಿಸಿ ಸ್ವಿಚ್ಚು ಒತ್ತಿದಾಗ ಕಪ್ಪು ಪರದೆಯ ಮೇಲೆ 450 ಬಂತು. ಅಸ್ಗರ್ ಅಳಲಿಲ್ಲ, ಕುಣಿಯಲಿಲ್ಲ. "ಈಗ ಬರ್ಲಿ ಆ ನನ್ಮಗ" ಅಂದ.

ಎರಡು ತಿಂಗಳು ಚೆನ್ನಾಗಿಯೇ ಓಡಿತು. ಗಿರಾಕಿಗಳು ಮರಳಿದರು. ಏಪ್ರಿಲ್ ಬಿಸಿಲು ಬಂತು ನೋಡಿ, ಶೀಟಿನ ಮನೆ, ಮಧ್ಯಾಹ್ನ ಆದರೆ ಮಿಷಿನು ಕಾದು ನಿಲ್ಲತೊಡಗಿತು. ವೇಗ ಇಳಿಸು ಅಂದೆ. "ಇಳಿಸಿದ್ರೆ ಅವನು ಗೆದ್ದಂಗೆ" ಅಂದ. ದಿಬ್ಬೂರಹಳ್ಳಿ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಬೇಸಿಗೆಗೆ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ ಹುಳಗಳನ್ನು ತಂಪಾಗಿಡುತ್ತಾರೆ. ಅಸ್ಗರನೂ ಅದನ್ನೇ ಮಾಡಿದ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಎದುರಿಗೆ ಒದ್ದೆ ಗೋಣಿ ಕಟ್ಟಿ, ಹಿಂದಿನಿಂದ ಟೇಬಲ್ ಫ್ಯಾನ್ ಬಿಟ್ಟ. ಹುಳಕ್ಕೆ ಹಿತವಾದ ತೇವ ಬೋರ್ಡಿಗೆ ಆಗುತ್ತದೆಯೇ? ಮೂರನೇ ಮಧ್ಯಾಹ್ನ ಚಟ್ ಅಂತ ಸದ್ದು, ಸುಟ್ಟ ವಾಸನೆ. ಬೋರ್ಡು ಹೋಯಿತು. ಪ್ರೊಸೆಸರ್ ಉಳಿಯಿತು.

ಅವತ್ತು ಅದರಲ್ಲಿ ಅರ್ಧ ಆಗಿದ್ದದ್ದು ನಮ್ಮ ಸಂಘದ ಕರಪತ್ರ. ಮಾರನೆಯ ದಿನ ಚಿಕ್ಕಬಳ್ಳಾಪುರದಲ್ಲಿ ಮೆರವಣಿಗೆ. ಫ್ಲಾಪಿಯಲ್ಲಿ ಒಂದು ಪ್ರತಿ ಇತ್ತು. ಅಸ್ಗರನ ತೋಳು ಹಿಡಿದು ಖಲೀಮುಲ್ಲಾನ ಅಂಗಡಿಗೆ ಎಳೆದುಕೊಂಡು ಹೋದೆ.

ಖಲೀಮುಲ್ಲಾ ಕುರ್ಚಿ ಬಿಟ್ಟುಕೊಟ್ಟ. ಅಸ್ಗರ್ ಕೂತು ಕೆಲಸ ಮುಗಿಸುತ್ತಿದ್ದರೆ, ಹಿಂದೆ ನಿಂತು ನಗುತ್ತ, "ಏನ್ ಅಸ್ಗರ್ ಭಾಯ್, ನಿಮ್ಮದು ನಾನೂರೈವತ್ತಂತೆ? ಎಲ್ಲಿ ಕದ್ದು ತಂದ್ರಿ?" ಅಂದ.

"ಕದಿಯೋದ್ಯಾಕೆ? ನಿಮ್ದರಲ್ಲಿ ಕಾಲು ಭಾಗದ ದುಡ್ಡಿಗೆ ಬಂತು."

ಖಲೀಮುಲ್ಲಾನ ನಗು ನಿಂತಿತು. ತನ್ನ ಪೆಂಟಿಯಮ್ಮಿನ ಡಬ್ಬಿಯನ್ನೂ ಅಸ್ಗರನನ್ನೂ ನೋಡಿದ. ಆ ಮುಖ ಕಂಡು ಅಸ್ಗರನಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನಷ್ಟು ಉರಿಸಲಿಕ್ಕೆ ಎಲ್ಲವನ್ನೂ ಬಡಬಡ ಹೇಳಿಬಿಟ್ಟ. ಯಾವ ಪ್ರೊಸೆಸರ್, ಯಾವ ಲಾಟು, ಯಾವ ಬೋರ್ಡು, 333 ಯಾಕೆ ಬೇಡ. ನಾನು ಕಾಲು ತುಳಿದೆ. ಅವನು ನಿಲ್ಲಿಸಲಿಲ್ಲ.

ಮರುವಾರವೇ ಖಲೀಮುಲ್ಲಾ ಎಸ್.ಪಿ. ರೋಡಿನಲ್ಲಿ ಆ ಲಾಟಿನದೆಲ್ಲ ಬಾಚಿಕೊಂಡ. ಜೋಡಿಸಿ ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರಕ್ಕೆ ಮಾರಿದ. ಗಾಜಿನ ಬಾಗಿಲ ಮೇಲೆ ಬರೆಸಿದ: "ಕಡಿಮೆ ಬೆಲೆಗೆ 450, ನಮ್ಮ ಸ್ವಂತ ಸಂಶೋಧನೆ." ಈಗ ಜನ ಅವನ್ನು ಖಲೀಮುಲ್ಲಾ ಮಿಷಿನು ಅನ್ನುತ್ತಾರೆ. ಅಸ್ಗರ್ ಬೇರೆ ಬೋರ್ಡು ತಂದು ಮತ್ತೆ ನಾನೂರೈವತ್ತಕ್ಕೇ ಓಡಿಸುತ್ತಿದ್ದಾನೆ. ಮೊನ್ನೆ ಮಂಡಿಕಲ್ಲಿನಿಂದ ಬಂದ ಗಿರಾಕಿಯೊಬ್ಬ ಪರದೆ ನೋಡಿ ಕೇಳಿದ: "ಓ, ನೀವೂ ಖಲೀಮುಲ್ಲಾ ಮಿಷಿನ್ನೇ ತಗೊಂಡಿದೀರಾ?" ಅಸ್ಗರ್ ಅವತ್ತು ಊಟ ಮಾಡಲಿಲ್ಲ. ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಆ ಮಿಷಿನು ಕೊಂಡವರಿದ್ದೀರಿ, ನನಗೆ ಗೊತ್ತು. ಪುಕ್ಕಟೆ ಅಯ್ಯೋ ಪಾಪ ನಮಗೆ ಬೇಡ. ಶಿಡ್ಲಘಟ್ಟಕ್ಕೆ ಬನ್ನಿ, ಆ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ, "ಇದು ಅಸ್ಗರ್ ಹುಡುಕಿದ್ದು, ಆ ಸಾಲು ಅಳಿಸು" ಅಂತ ಅವನ ಮುಖಕ್ಕೇ ಹೇಳಿ. ಯಾವತ್ತು ಬರುತ್ತೀರಿ?