ಬೀಜ ಕೇಳಲು ಬಂದವನು

ರಾಯಬಾಗ ಸ್ಟೇಷನ್, ಮಧ್ಯಾಹ್ನ. ಬೆಳಗಾವಿಯ ಪ್ಯಾಸೆಂಜರ್ ಇನ್ನೂ ಬಂದಿಲ್ಲ. ನನ್ನ ಬೆಂಚಿನಲ್ಲೇ ಕೈಕೋಳ ತೊಟ್ಟ ಮುದುಕನೊಬ್ಬ, ಕೋಳದ ಹಗ್ಗ ಹಿಡಿದ ಪೊಲೀಸನೊಬ್ಬ ಕುಳಿತಿದ್ದಾರೆ. ಏನು ಮಾಡಿದಿರಿ ಎಂದು ಮುದುಕನನ್ನೇ ಕೇಳಿದೆ.

"ಗಾಂಜಾ ಬೀಜ ಕೊಟ್ಟೆ ನೋಡ್ರಿ."

ಚಿಂಚಲಿ ಕಡೆಯವನು. ಹಿತ್ತಿಲಲ್ಲಿ ಒಂದಷ್ಟು ಗಿಡ ಬೆಳೆಸಿ, ಒಳ್ಳೆಯದನ್ನು ಬೀಜಕ್ಕೆ ಬಿಟ್ಟು, ತಳಿ ಕೆಡದಂತೆ ಕಾಯುವುದು ಅವನಿಗೆ ಅಪ್ಪನಿಂದ ಬಂದ ಕೆಲಸ. ಗಾಂಜಾ ಬೆಳೆಯಬಾರದೆಂಬ ಹೊಸ ಕಾಯ್ದೆ ಬಂದು ನಾಲ್ಕು ವರ್ಷವಾದರೂ ಬಿಟ್ಟಿರಲಿಲ್ಲ. ಹೋದ ತಿಂಗಳು ಧೋತರ ಉಟ್ಟ ಅಪರಿಚಿತನೊಬ್ಬ ಬೀಜ ಕೇಳಿಕೊಂಡು ಬಂದ. ಹುಳು ಹತ್ತದಂತೆ ಬೂದಿಯಲ್ಲಿ ಕಲಸಿಟ್ಟಿದ್ದ ಬೀಜವನ್ನು ಮುದುಕ ಬೊಗಸೆ ತುಂಬ ಕೊಟ್ಟ, ಗಿಡಗಳನ್ನೂ ತೋರಿಸಿದ. ಮರುದಿನ ಜೀಪಿನಲ್ಲಿ ಪೊಲೀಸರು ಬಂದು ಗಿಡ ಕಿತ್ತು ಅವನನ್ನೂ ಎಳೆದೊಯ್ದರು.

"ಗುರುತಿಲ್ಲದವನಿಗೆ ಯಾಕೆ ಕೊಟ್ಟಿರಿ?" ನನಗೆ ಅವನ ಮೇಲೇ ಸಿಟ್ಟು ಬಂದಿತ್ತು.

"ಬೀಜ ಕೇಳಿದಾವ್ಗ ಇಲ್ಲ ಅನಬಾರದ್ರಿ. ಇಲ್ಲ ಅಂದ್ರ ನಮ್ಮ ಬೀಜಾನೂ ನಾಟೂದಿಲ್ಲ." ಆಮೇಲೆ ಪೊಲೀಸನ ಕಡೆ ತಿರುಗಿದ. "ಸಾಹೇಬ್ರ, ಅವತ್ತ ನೀವು ಒಯ್ದ ಬೀಜ ಏನಾದ್ವ್ರಿ?"

ಧೋತರದವನು ಇವನೇ ಎಂದು ನನಗೆ ಆಗ ತಿಳಿಯಿತು.

ಪೊಲೀಸನು ಮೆಲ್ಲಗೆ ಹೇಳಿದ, "ಸೀಲ್ ಹಾಕಿ ಕೋರ್ಟಿನ್ಯಾಗ ಇಟ್ಟಾರ, ಅಜ್ಜಾರ."

"ಎಷ್ಟ ದಿವಸ?"

"ಕೇಸ್ ಮುಗಿಯೂತನಕಾ."

ಮುದುಕ ಕೋಳದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಬೂದಿ ಕಲಸಿ ಇಟ್ಟಾರೇನ್ರಿ?"

ಪೊಲೀಸನು ಗಾಡಿ ಬರುತ್ತದೇನೋ ಎಂಬಂತೆ ಎದ್ದು ಹಳಿಗಳ ಕಡೆ ನೋಡತೊಡಗಿದ. ಅವನ ಕೈಯ ಹಗ್ಗ ಜಗ್ಗಿದ್ದಕ್ಕೆ ಮುದುಕನೂ ಏಳಬೇಕಾಯಿತು.